ಆಪ್ಷನ್ ಎಂಟ್ರಿ ಬಲ್ಲ ಮೇಷ್ಟ್ರು

ಸಿಇಟಿ ಫಲಿತಾಂಶ ಬಂತೆಂದರೆ ನಮ್ಮೂರ ಪಿಯು ಕಾಲೇಜಿನ ಗಣಿತ ಮೇಷ್ಟ್ರ ಜಗಲಿ ತುಂಬುತ್ತದೆ. ಅವರು ಮೊದಲು ರ್‍ಯಾಂಕ್ ಕೇಳುವುದಿಲ್ಲ. "ಏನು ಓದಬೇಕಂತ ಇದೀಯಮ್ಮಾ?" ಆಮೇಲೆ ಅಪ್ಪನ ಕಡೆ ತಿರುಗಿ, ಹಾಸ್ಟೆಲ್ ಖರ್ಚಿನ ಮಾತು, ಮೆಲ್ಲಗೆ. ಹಿಂದಿನ ವರ್ಷಗಳ ಕಟ್‌ಆಫ್ ಹಾಳೆಗಳ ಮೇಲೆ ಅವರ ಪೆನ್ಸಿಲ್ ಓಡುವುದನ್ನು ನೋಡಬೇಕು! 2ಎಜಿ, 2ಎಕೆ, 2ಎಆರ್ ಎಂಬ ಮೀಸಲಾತಿ ಕೋಡುಗಳ ಮೇಲೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ ಹುಡುಗಿಗೆ ಆ ಕೊನೆಯ 'ಆರ್', ಅಂದರೆ ಗ್ರಾಮೀಣ ಮೀಸಲಾತಿ, ಎಷ್ಟು ದೊಡ್ಡದೆಂದು ಬಲ್ಲವರು ಅವರು. ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಸಹಿ ಆಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ.

ಆದರೆ ನಿಜವಾದ ಕಸುಬುಗಾರಿಕೆ ಇರುವುದು ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಬರೆಯುವ ಕ್ರಮದಲ್ಲಿ. ಸುಲಭಕ್ಕೆ ಸಿಗುವ ಕಾಲೇಜನ್ನು ಮೇಲೆ ಬರೆದರೆ ಅದೇ ಸಿಕ್ಕು, ಕೆಳಗಿನ ಆಪ್ಷನ್‌ಗಳೆಲ್ಲ ಬಿದ್ದುಹೋಗುತ್ತವೆ. ಹಾಗಾಗಿ ಆಸೆಯ ಕ್ರಮದಲ್ಲೇ ಬರೆಸುತ್ತಾರೆ. ಅಣಕು ಹಂಚಿಕೆ ಬಂದ ರಾತ್ರಿ ಪಟ್ಟಿ ಮತ್ತೆ ಬಿಚ್ಚಿಕೊಳ್ಳುತ್ತದೆ, ಎರಡು ಸಾಲು ಅದಲುಬದಲಾಗುತ್ತವೆ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 2 ಎಂದರೆ ಅದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯುವುದು, 3 ಎಂದರೆ ಬಿಟ್ಟು ಕಾಯುವುದು. ಇದನ್ನು ಅಜ್ಜಿಗೂ ತಿಳಿಯುವಂತೆ ಹೇಳುವ ಅವರ ತಾಳ್ಮೆಗೆ ನಾನು ಸೋತಿದ್ದೇನೆ. ಪಾಸ್‌ವರ್ಡ್ ಮಾತ್ರ ಎಂದೂ ಕೇಳರು. ಕಾಲೇಜಿನ ಕೋಡನ್ನು ಜೋರಾಗಿ ಓದಿಸಿ, ಮಕ್ಕಳ ಕೈಯಿಂದಲೇ ಸೇವ್ ಮಾಡಿಸುತ್ತಾರೆ.