ರೀಸೆಟ್ ಒತ್ತುವ ಮೊದಲು

2010ರ ಸೆಪ್ಟೆಂಬರ್ 27ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ವಾಗ್ನರನ 'ದಾಸ್ ರೈನ್‌ಗೋಲ್ಡ್' ಹೊಸ ರೂಪದಲ್ಲಿ ರಂಗಕ್ಕೆ ಬಂತು. ಕೊನೆಗೆ ದೇವತೆಗಳು ಕಾಮನಬಿಲ್ಲಿನ ಸೇತುವೆ ಏರಿ ತಮ್ಮ ಹೊಸ ಅರಮನೆಗೆ ಹೋಗಬೇಕು. ನಿರ್ದೇಶಕ ರಾಬರ್ಟ್ ಲೆಪಾಜ್ ಈ ಒಪೆರಾ ಸೇರಿದ ಇಡೀ 'ರಿಂಗ್' ಸರಣಿಗಾಗಿ 24 ಹಲಗೆಗಳ, ಸುಮಾರು 45 ಟನ್ ತೂಕದ ಯಂತ್ರವೊಂದನ್ನು ಕಟ್ಟಿಸಿದ್ದರು. ಹಲಗೆಗಳು ಅಡ್ಡ ಅಚ್ಚಿನ ಮೇಲೆ ತಿರುಗಿ ನದಿಯಾಗಬೇಕು, ಬೆಟ್ಟವಾಗಬೇಕು, ಸೇತುವೆಯಾಗಬೇಕು. ಅಂದು ಅವು ಕೊನೆಯ ಸ್ಥಾನಕ್ಕೆ ಬರಲೇ ಇಲ್ಲ. ದೇವತೆಗಳು ಸುಮ್ಮನೆ ನಡೆದುಹೋದರು, ಸಂಗೀತ ಮುಗಿಯಿತು, ಯಂತ್ರ ಕೈಕೊಟ್ಟಿತೆಂಬ ಮಾತು ಹಬ್ಬಿತು. ರಂಗಯಂತ್ರಗಳ ರುಚಿ ಹತ್ತಿದವರು ಈ ಮಾತನ್ನು ಅರ್ಧ ಮಾತ್ರ ಒಪ್ಪಬೇಕು. ಅಂದಿನ ಕಾರಣ ಏನೇ ಇರಲಿ, ಗಾಯಕರು ಹತ್ತುವ ಅಷ್ಟು ಭಾರದ ಯಂತ್ರ ತಪ್ಪಾಗಿ ಚಲಿಸುವುದಕ್ಕಿಂತ ಚಲಿಸದೆ ನಿಲ್ಲುವುದೇ ಮೇಲು. ಅದು ನಿಂತಿದ್ದೇ ದೋಷ ಅಂದುಕೊಂಡವರು ದುರಸ್ತಿಯನ್ನು ತಪ್ಪು ಜಾಗದಿಂದ ಶುರುಮಾಡುತ್ತಾರೆ.

ಯಾಕೆಂದರೆ ಈ ಯಂತ್ರಗಳನ್ನು ಕಟ್ಟುವುದೇ ಅನುಮಾನ ಬಂದರೆ ನಿಲ್ಲುವ ಹಾಗೆ. ಜನರ ತಲೆಯ ಮೇಲೆ ಭಾರ ಎತ್ತುವ ಒಳ್ಳೆಯ ಹೊಯಿಸ್ಟಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಸೋತರೂ ಇನ್ನೊಂದೇ ಪೂರ್ತಿ ಭಾರ ಹಿಡಿಯಬೇಕು. ಚಲನೆಯನ್ನು ಗಡಿಯಲ್ಲಿ ನಿಲ್ಲಿಸುವ ಮಾಮೂಲಿ ಲಿಮಿಟ್ ಸ್ವಿಚ್ ದಾಟಿ ಹೋದರೆ ತಡೆಯಲು ಅದರಾಚೆ ಮತ್ತೊಂದು ಇರುತ್ತದೆ. ಉಕ್ಕಿನ ಹಗ್ಗ ಸಡಿಲಾದರೆ ಒಂದು ಸೂಚನೆ, ಭಾರ ಮಿತಿಮೀರಿದರೆ ಇನ್ನೊಂದು. ಒಟ್ಟಿಗೆ ಚಲಿಸಬೇಕಾದ ಆರು ಹೊಯಿಸ್ಟುಗಳಲ್ಲಿ ಒಂದು ನಿಂತರೆ ಉಳಿದ ಐದೂ ನಿಲ್ಲುತ್ತವೆ, ಪರದೆಯ ತುಂಬ ಕೆಂಪು ಸಾಲುಗಳು ತುಂಬಿಕೊಳ್ಳುತ್ತವೆ. ಅವುಗಳಲ್ಲಿ ಮೊದಲನೆಯದು ಮಾತ್ರ ಕಾರಣ, ಮಿಕ್ಕವೆಲ್ಲ ಅದರ ಪರಿಣಾಮ. ಆಪರೇಟರ್ ಗಾಬರಿಯಿಂದ ರೀಸೆಟ್ ಒತ್ತಿದರೆ ಎಷ್ಟೋ ಕಂಟ್ರೋಲರುಗಳಲ್ಲಿ ಆ ಮೊದಲ ಸಾಲೂ ಕಣ್ಣಿನಿಂದ ಮರೆಯಾಗುತ್ತದೆ. ಸಾಕ್ಷ್ಯ ಅಳಿಸಿಹಾಕಿ ಆಮೇಲೆ ತನಿಖೆಗೆ ಕೂತಂತೆ.

ಮೊದಲ ಸಾಲು ಸಿಕ್ಕಿತು ಅಂದುಕೊಳ್ಳೋಣ. ಅದರಲ್ಲಿ ಬರೆದದ್ದನ್ನೂ ಹಾಗೇ ನಂಬುವಂತಿಲ್ಲ. ಭಾರ ಕೆಳಗಿಳಿಸುವಾಗ ಮೋಟಾರನ್ನು ನಿಯಂತ್ರಿಸುವ ಡ್ರೈವ್ 'ಓವರ್ ವೋಲ್ಟೇಜ್' ಎಂದು ಟ್ರಿಪ್ ಆದರೆ ಮೊದಲ ಬೈಗುಳ ವಿದ್ಯುತ್ ಕಂಪನಿಗೆ. ನಿಜದಲ್ಲಿ ಇಳಿಯುವ ಭಾರವೇ ಮೋಟಾರನ್ನು ತಿರುಗಿಸಿ ಜನರೇಟರ್ ಮಾಡಿಬಿಡುತ್ತದೆ. ಹಾಗೆ ಹಿಂದಕ್ಕೆ ಬರುವ ಶಕ್ತಿಯನ್ನು ಬಿಸಿಯಾಗಿ ಹೊರಹಾಕುವ ಬ್ರೇಕಿಂಗ್ ರೆಸಿಸ್ಟರ್ ಸುಟ್ಟಿದ್ದರೆ, ಇಲ್ಲವೇ ಅದರ ತಂತಿ ಕಳಚಿದ್ದರೆ ಡ್ರೈವಿನೊಳಗೆ ವೋಲ್ಟೇಜ್ ಏರುತ್ತದೆ. ಏರುವಾಗ ಬರದ ದೋಷ ಇಳಿಯುವಾಗ ಮಾತ್ರ ಬರುತ್ತದೆ ಎಂಬುದೊಂದೇ ಸುಳಿವು ಸಾಕು, ಅರ್ಧ ಅನುಮಾನಗಳು ಕರಗುತ್ತವೆ. 'ಪೊಸಿಷನ್ ಎರರ್' ಇದಕ್ಕಿಂತ ಕಿಲಾಡಿ. ಇರಬೇಕಾದ ಜಾಗಕ್ಕೂ ತಿರುಗುವಿಕೆ ಅಳೆಯುವ ಎನ್‌ಕೋಡರ್ ಹೇಳುವ ಜಾಗಕ್ಕೂ ಅಂತರ ಹೆಚ್ಚಾಯಿತೆಂದಷ್ಟೇ ಅದರ ಅರ್ಥ. ಎನ್‌ಕೋಡರಿನ ಕಪ್ಲಿಂಗ್ ಸ್ಕ್ರೂ ಸಡಿಲಾಗಿರಬಹುದು, ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿರಬಹುದು, ಮೋಟಾರಿನ ಕೇಬಲ್ಲಿಗೆ ಒತ್ತಿಕೊಂಡೇ ಎಳೆದ ಸಿಗ್ನಲ್ ತಂತಿಗೆ ವಿದ್ಯುತ್ ಗದ್ದಲ ನುಗ್ಗಿರಬಹುದು. ಬೇರ್ಪಡಿಸಿ ನೋಡುವ ದಾರಿ ಸರಳ, ಆದರೆ ತಾಳ್ಮೆ ಬೇಡುತ್ತದೆ. ಸುತ್ತುರಂಗ ಪ್ರತಿ ಸಲ ಒಂದೇ ಕೋನದಲ್ಲಿ ನಿಂತರೆ ಹಳಿಯ ಜೋಡಣೆಯನ್ನೋ ಚಕ್ರಕ್ಕೆ ಸಿಕ್ಕಿದ ಮೊಳೆಯನ್ನೋ ಹುಡುಕಬೇಕು. ಕೋನ ಬೇರೆಬೇರೆಯಾಗಿದ್ದು ನಾಟಕದ ಎರಡನೇ ಗಂಟೆಯಲ್ಲೇ ಕಾಡಿದರೆ ಬಿಸಿಯನ್ನು ಸಂಶಯಿಸಬೇಕು. ಖಾಲಿ ರಂಗದಲ್ಲಿ ಚೆನ್ನಾಗಿ ತಿರುಗಿದ್ದು ಹನ್ನೆರಡು ಮಂದಿ ಹತ್ತಿದ ಮೇಲೆ ತಡವರಿಸಿದರೆ, ಖಾಲಿ ರಂಗದಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಇಷ್ಟೆಲ್ಲ ಬಿಟ್ಟು, ಸಾಫ್ಟ್‌ವೇರಿನಲ್ಲಿ ಒಪ್ಪಿಗೆಯ ಅಂತರವನ್ನು ಇನ್ನಷ್ಟು ಹಿಗ್ಗಿಸಿ ಕೈತೊಳೆದುಕೊಳ್ಳುವ ಚಾಳಿಯೊಂದಿದೆ. ಫ್ಯೂಸ್ ಹೋಗುತ್ತದೆಂದು ದಪ್ಪ ತಂತಿ ಸುತ್ತುವ ನಮ್ಮ ಮನೆಮನೆಯ ಜಾಣತನಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಒಳಗೆ ಸಾವಿರ ಜನ ಟಿಕೆಟ್ ಕೊಂಡು ಕೂತಿರುವಾಗ ಇಂಥ ಪತ್ತೇದಾರಿಕೆ ಯಾರಿಗೆ ಬೇಕು ಎನ್ನುವವರಿದ್ದಾರೆ. ಅವರ ಆತುರ ಸುಳ್ಳಲ್ಲ. ಆದರೆ ಆಟ ಮುಂದುವರಿಸುವುದು ಒಂದು ಕೆಲಸ, ದೋಷ ಹುಡುಕುವುದು ಇನ್ನೊಂದು. ಎರಡನ್ನೂ ರೀಸೆಟ್ ಗುಂಡಿಯೊಂದೇ ಮಾಡೀತೆಂಬ ಆಸೆಯೇ ತೊಂದರೆ. ಮೊದಲ ಸಾಲನ್ನು ಬರೆದುಕೊಂಡು, ಯಂತ್ರದ ಸುತ್ತ ಯಾರೂ ಇಲ್ಲವೆಂದು ಕಣ್ಣಾರೆ ಕಂಡು, ಒಮ್ಮೆ ರೀಸೆಟ್ ಮಾಡಿದರೆ ಯಾರೂ ಆಕ್ಷೇಪಿಸಲಾರರು. ಅದೇ ದೋಷ ಮರುಕಳಿಸಿದರೆ ಆ ರಾತ್ರಿಗೆ ಆ ಚಲನೆಯನ್ನೇ ಕೈಬಿಡಬೇಕು. ಚಲನೆಯಿಲ್ಲದೆ ದೃಶ್ಯ ಹೇಗೆ ಸಾಗಬೇಕೆಂಬುದನ್ನು ತಾಲೀಮಿನಲ್ಲೇ ಅಭ್ಯಾಸ ಮಾಡಿರಬೇಕು. ಮೆಟ್‌ನಲ್ಲಿ ಸೇತುವೆ ಕೂಡಲಿಲ್ಲ, ಆದರೂ ಒಪೆರಾ ಮುಗಿಯಿತಲ್ಲ. ಇನ್ನು ಕಾರಣವಿಲ್ಲದೆ ಪದೇಪದೇ ನಿಲ್ಲುವ ಯಂತ್ರದ ಬಗೆಗಿನ ಸಿಟ್ಟು ನ್ಯಾಯವಾದದ್ದೇ. ಹಾಗೆ ನಿಲ್ಲುವುದೂ ಹುಡುಕಬೇಕಾದ ದೋಷವೇ ಹೊರತು, ಸೆನ್ಸರನ್ನು ತಂತಿಯಿಂದ ಜೋಡಿಸಿ ಬಾಯಿ ಮುಚ್ಚಿಸಲು ಪರವಾನಗಿಯಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೊಂದಿದೆ: ಯಂತ್ರಕ್ಕೆ ಎಲ್ಲವೂ ಕಾಣುವುದಿಲ್ಲ. ಅದೇ 2010ರ ಡಿಸೆಂಬರ್ 20ರಂದು, ಅದೇ ಊರಿನ ಬ್ರಾಡ್‌ವೇಯಲ್ಲಿ 'ಸ್ಪೈಡರ್-ಮ್ಯಾನ್: ಟರ್ನ್ ಆಫ್ ದ ಡಾರ್ಕ್' ನಡೆಯುವಾಗ ನಟನೊಬ್ಬ ಎತ್ತರದಿಂದ ಬಿದ್ದು ತೀವ್ರವಾಗಿ ಗಾಯಗೊಂಡ. ಅವನನ್ನು ಹಿಡಿದಿಡಬೇಕಿದ್ದ ಹಗ್ಗದ ಇನ್ನೊಂದು ತುದಿಯನ್ನು ಸಿಕ್ಕಿಸಿರಲಿಲ್ಲ. ಕೈಯಿಂದ ಹಾಕಬೇಕಾದ ಕೊಂಡಿ ಅದು. ಮೋಟಾರು, ಡ್ರೈವುಗಳ ಲಾಗಿನಲ್ಲಿ ಅದಕ್ಕೆ ಸಾಲೇ ಇರುವುದಿಲ್ಲ. ಈ ಮಾತನ್ನು ಪೂರ್ತಿ ಒಪ್ಪಲೇಬೇಕು. ಆದರೆ ಇದರಿಂದ ಲಾಗ್ ವ್ಯರ್ಥವೆಂದಾಗುವುದಿಲ್ಲ. ಸೆನ್ಸರ್ ಇಲ್ಲದ ಕಡೆಯ ಸಾಲನ್ನು ಮನುಷ್ಯನೇ ಬರೆಯಬೇಕೆಂದಾಗುತ್ತದೆ: ಒಬ್ಬ ಕೊಂಡಿ ಹಾಕಿ, ಇನ್ನೊಬ್ಬ ಎಳೆದು ನೋಡಿ, ಇಬ್ಬರೂ ಬಾಯಿಬಿಟ್ಟು ಹೇಳಿದ ಮೇಲೆಯೇ ಆಪರೇಟರ್ ಕ್ಯೂ ಕೊಡುವುದು.

ಇಷ್ಟಾದರೂ ಎಲ್ಲರೂ ಮರೆಯುವ ಪುಟ್ಟ ಸಂಗತಿಯೊಂದಿದೆ: ಗಡಿಯಾರ. ಸುತ್ತುರಂಗದ ಕಂಟ್ರೋಲರ್ ಮತ್ತು ಮೇಲಿನ ಹೊಯಿಸ್ಟುಗಳ ಕಂಟ್ರೋಲರ್ ಬೇರೆಬೇರೆ ಕಂಪನಿಯವಾಗಿದ್ದು ಅವುಗಳ ಸಮಯ ನಾಲ್ಕು ನಿಮಿಷ ಹಿಂದುಮುಂದಾಗಿದ್ದರೆ, ಮೊದಲ ಸಾಲು ಯಾವುದರದ್ದೆಂದು ಹೇಳುವವರೇ ಇಲ್ಲ. ಪ್ರದರ್ಶನದ ದಿನ ಮಧ್ಯಾಹ್ನ ಎರಡನ್ನೂ ಪಕ್ಕಪಕ್ಕ ನೋಡಿ ಸರಿಮಾಡಲು ಎರಡು ನಿಮಿಷವೂ ಹಿಡಿಯುವುದಿಲ್ಲ.