ಗಾಳಿಪಟದ ಸೂತ್ರವೂ ರೇಖಾಚಿತ್ರದ ಗೆರೆಯೂ

ಗಾಳಿಪಟದ ಕಟ್ಟಣೆಯನ್ನೂ ಅದರಿಂದ ಶಕ್ತಿಯನ್ನು ಪಡೆಯುವ ಬಗೆಯನ್ನೂ ತೋರಿಸುವ ರೇಖಾಚಿತ್ರಗಳಲ್ಲಿ ಒಂದು ದೋಷವು ಮೇಲಿಂದ ಮೇಲೆ ಕಂಡುಬರುತ್ತದೆ. ದಾರವನ್ನು ಅವುಗಳಲ್ಲಿ ಒಂದೇ ಗೆರೆಯಾಗಿ ಎಳೆದಿರುತ್ತಾರೆ. ಆ ಗೆರೆಯು ಎಳೆತವನ್ನು ತಡೆಯುವುದೋ, ವಿದ್ಯುತ್ತನ್ನು ಒಯ್ಯುವುದೋ ಎಂಬುದು ನೋಡುವವನಿಗೆ ತಿಳಿಯದು.

ಹೊಂಬಳದ ಎರೆಹೊಲಗಳ ಅಂಚಿನಲ್ಲಿ ಪಟ ಹಾರಿಸುವ ಹುಡುಗನು ಈ ವಿಷಯದಲ್ಲಿ ಚಿತ್ರಕಾರನಿಗಿಂತ ಜಾಣನು. ಅವನು ದಾರವನ್ನು ನೇರವಾಗಿ ಪಟದ ನಡುವಿಗೆ ಕಟ್ಟುವುದಿಲ್ಲ. ಮೊದಲು ಸೂತ್ರ ಹಾಕುತ್ತಾನೆ. ಎರಡು ಕಡ್ಡಿಗಳು ಕೂಡುವೆಡೆ ಒಂದು ಎಳೆ, ಉದ್ದಕಡ್ಡಿಯ ಕೆಳಭಾಗದಲ್ಲಿ ಇನ್ನೊಂದು. ಎರಡೂ ಸೇರುವ ಗಂಟಿಗೆ ಹಾರಿಸುವ ದಾರ. ಗಂಟನ್ನು ತುಸು ಮೇಲಕ್ಕೆ ಸರಿಸಿದರೆ ಪಟವು ಗಾಳಿಯಲ್ಲಿ ಮಲಗುತ್ತದೆ. ಕೆಳಕ್ಕೆ ಸರಿಸಿದರೆ ಎದೆಯೊಡ್ಡಿ ಜಗ್ಗುತ್ತದೆ. ಈ ಗಂಟಿಲ್ಲದ ಚಿತ್ರವು ಹಾರದ ಪಟದ ಚಿತ್ರ.

ಗೆರೆಯ ತಪ್ಪು ಪ್ರಾಣಕ್ಕೂ ಎರವಾಗಬಲ್ಲದು. ಬೆಂಜಮಿನ್ ಫ್ರಾಂಕ್ಲಿನ್ನನು 1752ರ ಅಕ್ಟೋಬರದಲ್ಲಿ ಪ್ರಕಟಿಸಿದ ವಿವರಣೆಯು ಬರಿಯ ಮಾತಿನದು, ಆದರೆ ಬಲು ಖಚಿತವಾದುದು: ಹುರಿಯ ತುದಿಗೆ ರೇಷ್ಮೆಯ ಪಟ್ಟಿ, ಇವೆರಡೂ ಕೂಡುವಲ್ಲಿ ಕೀಲಿಕೈ, ಹಿಡಿಯುವವನು ಬಾಗಿಲೊಳಗೆ ನಿಂತು ರೇಷ್ಮೆಯು ನೆನೆಯದಂತೆ ನೋಡಿಕೊಳ್ಳಬೇಕು. ತೊಯ್ದ ಹುರಿ ವಿದ್ಯುತ್ತಿನ ದಾರಿ, ಒಣರೇಷ್ಮೆ ಅದರ ತಡೆ. 1876ರಲ್ಲಿ ಕರಿಯರ್ ಮತ್ತು ಐವ್ಸ್ ಸಂಸ್ಥೆಯು ಅಚ್ಚುಹಾಕಿದ ಪ್ರಸಿದ್ಧ ಚಿತ್ರದಲ್ಲಾದರೋ ಫ್ರಾಂಕ್ಲಿನ್ನನು ಬಯಲಿನಲ್ಲಿ ನಿಂತು ಕೀಲಿಕೈಯ ಮೇಲ್ಗಡೆ ಹುರಿಯನ್ನೇ ಹಿಡಿದಿದ್ದಾನೆ! (ಇಪ್ಪತ್ತು ದಾಟಿದ್ದ ಮಗನನ್ನು ಬಾಲಕನಾಗಿಸಿದ್ದು ಬೇರೆ ಮಾತು.) ಮಿಂಚಿನ ವಿದ್ಯುತ್ತನ್ನು ಪರೀಕ್ಷಿಸಹೋದ ರಿಚ್ಮನ್ನನು 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮಡಿದನೆಂಬುದನ್ನು ನೆನೆದರೆ, ಇದನ್ನು ಕಲಾವಿದನ ಸ್ವಾತಂತ್ರ್ಯವೆಂದು ಮನ್ನಿಸಲಾಗದು. ನಾವು ಇತಿಹಾಸ ಬೋಧಕರು ಇಂತಹ ಚಿತ್ರವನ್ನು ವಿಮರ್ಶೆಯಿಲ್ಲದೆ ತರಗತಿಯಲ್ಲಿ ತೋರಿಸುವುದು ತಪ್ಪು.

ಈಚಿನ ಚಿತ್ರಗಳಲ್ಲಿಯೂ ಇದೇ ಗೊಂದಲವಿದೆ. 1980ರಲ್ಲಿ ಮೈಲ್ಸ್ ಲಾಯ್ಡ್ ಎಂಬವರು ಪಟದಿಂದ ಶಕ್ತಿ ಪಡೆಯಲು ಎರಡು ಮಾರ್ಗಗಳನ್ನು ವಿವೇಚಿಸಿದರು. ಒಂದರಲ್ಲಿ ಪಟದ ಎಳೆತವು ನೆಲದ ಮೇಲಿನ ಯಂತ್ರವನ್ನು ನಡೆಸುತ್ತದೆ. ಇನ್ನೊಂದರಲ್ಲಿ ಪಟದ ಮೇಲಿನ ಯಂತ್ರದಿಂದ ವಿದ್ಯುತ್ತು ಕೆಳಗಿಳಿಯುತ್ತದೆ. ಎರಡಕ್ಕೂ ಒಂದೇ ಗೆರೆ ಎಳೆದರೆ ಭೇದವೇ ಅಳಿದುಹೋಗುತ್ತದೆ. ಮೊದಲನೆಯದರಲ್ಲಿ ದಾರ ಬಿಚ್ಚುವಾಗ ಶಕ್ತಿ ದೊರೆಯುವುದು. ಮರಳಿ ಸುತ್ತುವಾಗ ಅದರಲ್ಲೊಂದು ಪಾಲು ವೆಚ್ಚವಾಗುವುದು. ಒಮ್ಮುಖ ಬಾಣವು ಆ ವೆಚ್ಚವನ್ನು ಮುಚ್ಚಿಡುತ್ತದೆ. ಕಪ್ಪತಗುಡ್ಡದ ಗಾಳಿಯಂತ್ರಕ್ಕೆ ಅಂತಹ ಬಾಣ ಒಪ್ಪೀತು, ಅಲ್ಲಿ ಭಾರ ಹೊರಲು ಕಂಬವೇ ಬೇರೆ, ವಿದ್ಯುತ್ತಿಗೆ ತಂತಿಯೇ ಬೇರೆ. ಪಟದ ಚಿತ್ರಕ್ಕೆ ಕನಿಷ್ಠ ಎರಡು ಬಗೆಯ ಗೆರೆಗಳೂ, ಬಿಚ್ಚುವ ಮತ್ತು ಸುತ್ತುವ ಹೊತ್ತುಗಳಿಗೆ ಪ್ರತ್ಯೇಕ ಚಿತ್ರಗಳೂ ಬೇಕು.