ಕಾಲೂರದ ಸವಾರರಲ್ಲಿ ಮೊದಲಿಗ ಯಾರು?

ಮೋಟಾರ್‌ಸೈಕಲ್ ಟ್ರಯಲ್ಸ್ ಆಟದ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಯನ್ನು ಯಾರೇ ಮಾಡಲಿ, ತುತ್ತತುದಿಯಲ್ಲಿ ಕಾಣುವ ಹೆಸರು ಟೋನಿ ಬೌ. ಸ್ಪೇನಿನ ಕ್ಯಾಟಲೋನಿಯಾದ ಈ ಸವಾರ 2007ರಿಂದ 2024ರವರೆಗೆ ಒಂದು ವರ್ಷವೂ ತಪ್ಪದೆ ಹೊರಾಂಗಣ ವಿಶ್ವ ಚಾಂಪಿಯನ್ ಆದರು. ಅದೇ ಹದಿನೆಂಟು ವರ್ಷ ಒಳಾಂಗಣದ ಪಟ್ಟವನ್ನೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಕೂಡಿದರೆ 36. ಅವರ ನಂತರ ಬರುವ ಇಂಗ್ಲೆಂಡಿನ ಡಗ್ಗಿ ಲ್ಯಾಂಪ್ಕಿನ್ ಬಳಿ ಎರಡೂ ಸೇರಿ 12 ಪಟ್ಟಗಳಿವೆ. ಲೆಕ್ಕ ಇಷ್ಟು ಏಕಪಕ್ಷೀಯವಾಗಿರುವಾಗ ಚರ್ಚೆಗೆ ಜಾಗವೆಲ್ಲಿ ಎಂದು ಕೇಳಬಹುದು.

ಜಾಗ ಇದೆ. ಪಟ್ಟಗಳ ಲೆಕ್ಕ ಶುರುವಾಗುವುದೇ 1975ರಿಂದ. ಟ್ರಯಲ್ಸ್‌ಗೆ ವಿಶ್ವ ಚಾಂಪಿಯನ್‌ಷಿಪ್ ಬಂದದ್ದು ಆ ವರ್ಷ. ಅದಕ್ಕೆ ಮುಂಚಿನ ಅರ್ಧ ಶತಮಾನಕ್ಕೂ ಹೆಚ್ಚಿನ ಆಟ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಆಟ ಕೇಳಲು ಸರಳ. ಬಂಡೆ, ಹಳ್ಳ, ಕೆಸರು, ಮರದ ಬೇರುಗಳ ನಡುವೆ ಪಟ್ಟಿ ಕಟ್ಟಿ ಒಂದು ಸೆಕ್ಷನ್ ಗುರುತು ಮಾಡಿರುತ್ತಾರೆ. ಅದರೊಳಗೆ ಬೈಕು ಓಡಿಸಿಕೊಂಡು ಹೋಗಿ ಆಚೆ ಬರಬೇಕು, ಕಾಲು ನೆಲಕ್ಕೆ ತಾಕಬಾರದು. ಒಮ್ಮೆ ಊರಿದರೆ ಒಂದು ದಂಡಾಂಕ, ಎರಡು ಸಲಕ್ಕೆ ಎರಡು, ಅದಕ್ಕೂ ಹೆಚ್ಚಾದರೆ ಮೂರು, ಬಿದ್ದರೆ ಅಥವಾ ಗೆರೆ ದಾಟಿದರೆ ಐದು. ಕಡಿಮೆ ದಂಡ ತೆತ್ತವರು ಗೆದ್ದಂತೆ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ನಡೆಯುವವನಿಗಿಂತ ನಿಧಾನವಾಗಿ, ಒಂದೇ ಬೆರಳಿನಲ್ಲಿ ಕ್ಲಚ್ಚನ್ನು ಹಿಡಿದು ಬಿಡುತ್ತ, ಹ್ಯಾಂಡಲ್ ಪೂರ್ತಿ ತಿರುಗಿಸಿ, ಸೀಟಿನ ಮೇಲೆ ಕೂರದೆ ಫುಟ್‌ರೆಸ್ಟಿನ ಮೇಲೆ ನಿಂತೇ ಸಾಗಬೇಕು. ರಸ್ತೆಯ ಬೈಕಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಗಾಳಿ ತುಂಬಿದರೆ ಇಲ್ಲಿ ಹಿಂದಿನ ಚಕ್ರಕ್ಕೆ ನಾಲ್ಕೈದು ಸಾಕು. ಟೈರು ಕಲ್ಲಿನ ಮೇಲೆ ಅಪ್ಪಚ್ಚಿಯಾಗಿ ಅದನ್ನು ಕಚ್ಚಿಕೊಳ್ಳಬೇಕು.

ದಂಡಾಂಕ ಕೊಡುವ ನಿಯಮವೂ ಕಾಲಕಾಲಕ್ಕೆ ಬದಲಾಗಿದೆ. ಸೆಕ್ಷನ್ನಿನೊಳಗೆ ಗಾಡಿ ನಿಲ್ಲಿಸಿ, ಸಮತೋಲನ ಕಾದು, ಚಕ್ರಗಳನ್ನು ಜಿಗಿಸಿ ದಿಕ್ಕು ಬದಲಿಸುವುದಕ್ಕೆ ಕೆಲವು ಕಾಲ ಅವಕಾಶವಿತ್ತು, ಕೆಲವು ಕಾಲ ಇರಲಿಲ್ಲ. ಹೀಗಾಗಿ 1961ರ ಸವಾರನ ಒಂದು ಅಂಕವನ್ನೂ 2011ರ ಸವಾರನ ಒಂದು ಅಂಕವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ. ಅಂಥ ಪಟ್ಟಿಗೆ ಇನ್ನೊಂದು ಮಾನದಂಡ ಬೇಕು: ಈ ಸವಾರ ಬಂದಮೇಲೆ ಆಟ ಎಷ್ಟು ಬದಲಾಯಿತು?

ಈ ಮಾನದಂಡ ಹಿಡಿದು ನೋಡುವುದಕ್ಕೆ ಚೆನ್ನೈನ ಅಂಬತ್ತೂರು ಒಳ್ಳೆಯ ಜಾಗ. ಊರಿನಲ್ಲಿ ಟ್ರಯಲ್ಸ್ ನಡೆಯುವುದಿಲ್ಲ ನಿಜ. ಆದರೆ ಟ್ರಯಲ್ಸ್ ಬೈಕು ಯಾವುದರಿಂದ ಆಗುತ್ತದೋ ಅದು ಈ ಊರಿಗೆ ಚೆನ್ನಾಗಿ ಗೊತ್ತು. 1949ರಲ್ಲಿ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯ ಜೊತೆಗೂಡಿ ಮುರುಗಪ್ಪ ಮನೆತನ ಕಟ್ಟಿದ ಟಿಐ ಸೈಕಲ್ಸ್‌ನ ನೆಲೆ ಇದು. ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಇಲ್ಲಿಂದ ಕರ್ನಾಟಕದ ಹಳ್ಳಿಹಳ್ಳಿಗೂ ಬಂದವು. ಪಕ್ಕದ ಆವಡಿಯಲ್ಲಿ ಅದೇ ಬಳಗದ ಉಕ್ಕಿನ ಕೊಳವೆಯ ಕಾರ್ಖಾನೆ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಾಲುಸಾಲು ಲೇತುಗಳು, ಚೈನಿನವರು, ಬಿಡಿಭಾಗದವರು. ಕೊಳವೆಯ ಒಂದು ಮಿಲಿಮೀಟರ್ ದಪ್ಪ ಕಡಿಮೆಯಾದರೆ ಏನಾಗುತ್ತದೆಂದು ಇಲ್ಲಿನ ಕೆಲಸಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟ್ರಯಲ್ಸ್‌ನ ಚರಿತ್ರೆಯೂ ಬಹುಪಾಲು ತೂಕ ಇಳಿಸಿದ ಚರಿತ್ರೆಯೇ.

ಆ ಚರಿತ್ರೆಯ ನಡುಮನೆಯಲ್ಲಿ ಇರುವವರು ಸ್ಯಾಮಿ ಮಿಲ್ಲರ್.

1933ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಮಿಲ್ಲರ್ ಮೊದಲು ಹೆಸರಾದದ್ದು ರಸ್ತೆ ರೇಸಿನಲ್ಲಿ. 1957ರ ವಿಶ್ವ ಚಾಂಪಿಯನ್‌ಷಿಪ್‌ನ 250 ಸಿಸಿ ವಿಭಾಗದಲ್ಲಿ ಮೂರನೆಯ ಸ್ಥಾನ ಅವರದು. ವೇಗವನ್ನು ಅಷ್ಟು ಬಲ್ಲ ಮನುಷ್ಯ ಅದನ್ನು ಬಿಟ್ಟು ನಿಧಾನದ ಆಟಕ್ಕೆ ಬಂದರು. 1959ರಿಂದ 1969ರವರೆಗೆ ಸತತ ಹನ್ನೊಂದು ವರ್ಷ ಬ್ರಿಟಿಷ್ ಚಾಂಪಿಯನ್. ಅವರ ಕೈಯಲ್ಲಿದ್ದದ್ದು ಏರಿಯಲ್ ಕಂಪನಿಯ 500 ಸಿಸಿ ಬೈಕು, ನೋಂದಣಿ ಸಂಖ್ಯೆ ಜಿಒವಿ 132. ಕಂಪನಿಯಿಂದ ಬಂದಾಗ ಆ ಮಾದರಿಯ ತೂಕ 130 ಕೆ.ಜಿ. ಆಸುಪಾಸು. ಮಿಲ್ಲರ್ ಅದನ್ನು ಹಾಗೇ ಓಡಿಸಲಿಲ್ಲ. ರೆನಾಲ್ಡ್ಸ್ 531 ಎಂಬ ತೆಳುಗೋಡೆಯ ಉಕ್ಕಿನ ಕೊಳವೆಯಿಂದ ಫ್ರೇಮ್ ಮಾಡಿಸಿದರು. ಟ್ಯಾಂಕು, ಸೀಟುಗಳನ್ನು ಫೈಬರ್‌ಗ್ಲಾಸ್‌ಗೆ ತಂದರು. ತೂಕ ಸುಮಾರು 110 ಕೆ.ಜಿ.ಗೆ ಇಳಿಯಿತು. ಗೆದ್ದದ್ದು ಬೈಕಿನ ತಯಾರಕರ ನಕ್ಷೆಯಲ್ಲ, ಸವಾರನ ತಿದ್ದುಪಡಿ.

ಆ ರೆನಾಲ್ಡ್ಸ್ ಕೊಳವೆಯ ಕಂಪನಿ 1928ರಿಂದಲೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್‌ನ ಒಡೆತನದಲ್ಲಿತ್ತು. ಅಂಬತ್ತೂರಿನ ಕಾರ್ಖಾನೆಯ ಹೆಸರಿನಲ್ಲಿರುವ ಟಿ ಮತ್ತು ಐ ಅದೇ ಮನೆತನದ ಅಕ್ಷರಗಳು. ಮಿಲ್ಲರ್‌ರ ಫ್ರೇಮಿಗೂ ಅಂಬತ್ತೂರಿನ ಸೈಕಲ್ಲಿಗೂ ಹೀಗೆ ದೂರದ ದಾಯಾದಿ ಸಂಬಂಧ ಉಂಟು.

ಇಷ್ಟಕ್ಕೇ ನಿಂತಿದ್ದರೆ ಮಿಲ್ಲರ್ ತಮ್ಮ ಕಾಲದ ದೊಡ್ಡ ಸವಾರ ಎನಿಸಿಕೊಂಡು ಉಳಿಯುತ್ತಿದ್ದರು. ಆಟವನ್ನೇ ತಿರುಗಿಸಿದ್ದು 1964ರ ಕೊನೆಯ ಹೊತ್ತಿಗೆ ಅವರು ಬಾರ್ಸಿಲೋನಾದ ಬುಲ್ಟಾಕೊ ಕಂಪನಿಗೆ ಹೋದದ್ದು. ಎರಡು ಸ್ಟ್ರೋಕಿನ 250 ಸಿಸಿ ವರ್ಗದ ಹಗುರ ಎಂಜಿನ್ನು ಅಲ್ಲಿತ್ತು, ಟ್ರಯಲ್ಸ್‌ಗೆ ಹೊಂದುವ ಗಾಡಿ ಇರಲಿಲ್ಲ. ಅಲ್ಲಿನ ಎಂಜಿನಿಯರುಗಳ ಜೊತೆ ಕೂತು, ಗುಡ್ಡದಲ್ಲಿ ಓಡಿಸಿ ನೋಡಿ, ಮರಳಿ ಬಂದು ಕತ್ತರಿಸಿ ಬೆಸೆದು, ಕೆಲವೇ ದಿನಗಳಲ್ಲಿ ಅವರು ಶೆರ್ಪಾ ಟಿ ಎಂಬ ಬೈಕಿಗೆ ರೂಪು ಕೊಟ್ಟರು. 1965ರಲ್ಲಿ ಅದರ ಮೇಲೆ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. ಬೆನ್ ನೆವಿಸ್ ಬೆಟ್ಟದ ಬುಡದ ಫೋರ್ಟ್ ವಿಲಿಯಂ ಸುತ್ತ ಆರು ದಿನ ನಡೆಯುವ ಆ ಪಂದ್ಯವನ್ನು ಬ್ರಿಟನ್ನಿನದಲ್ಲದ ಗಾಡಿ ಗೆದ್ದದ್ದು ಅದೇ ಮೊದಲು. ಮೈಸೂರಿನ ಯೆಜ್ಡಿಯ ದನಿ ಕೇಳುತ್ತ ಬೆಳೆದವರಿಗೆ ಎರಡು ಸ್ಟ್ರೋಕಿನ ಚುರುಕು ಗೊತ್ತಿದೆ. ದಪ್ಪ ದನಿಯ ಗಾಡಿಗಳು ಗೆಲ್ಲುತ್ತ ಬಂದಿದ್ದ ಸ್ಕಾಟ್ಲೆಂಡಿನಲ್ಲಿ ಆ ವರ್ಷ ಅದು ಹೇಗೆ ಕೇಳಿಸಿರಬೇಕೆಂದು ಅವರೇ ಊಹಿಸಿಕೊಳ್ಳಬಲ್ಲರು. ಮಿಲ್ಲರ್ ಆ ಪಂದ್ಯವನ್ನು ಒಟ್ಟು ಐದು ಸಲ ಗೆದ್ದರು: ಎರಡು ಸಲ ಏರಿಯಲ್ ಮೇಲೆ, ಮೂರು ಸಲ ಬುಲ್ಟಾಕೊ ಮೇಲೆ.

ಮುಂದೆ ನಡೆದದ್ದನ್ನು ಗಮನಿಸಬೇಕು. ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಐದು ಪಟ್ಟಗಳೂ ಬುಲ್ಟಾಕೊ ಸವಾರರ ಪಾಲಾದವು. 1975ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಲ್ಯಾಂಪ್ಕಿನ್, ಆಮೇಲೆ ಮೂರು ವರ್ಷ ಫಿನ್ಲೆಂಡಿನ ಯುರ್ಯೊ ವೆಸ್ಟೆರಿನೆನ್, 1979ರಲ್ಲಿ ಅಮೆರಿಕದ ಬರ್ನಿ ಶ್ರೈಬರ್. ಮೂವರೂ ಏರಿದ್ದು ಮಿಲ್ಲರ್ ಹಾಕಿಕೊಟ್ಟ ಮಾದರಿಯ ಮುಂದಿನ ಪೀಳಿಗೆಯ ಗಾಡಿಗಳನ್ನು. ಅದಕ್ಕಿಂತ ದೊಡ್ಡದು ಬಾರ್ಸಿಲೋನಾದ ಸುತ್ತಮುತ್ತ ಆದ ಬದಲಾವಣೆ. ಬುಲ್ಟಾಕೊ, ಮೊಂಟೆಸಾ, ಒಸ್ಸಾ ಮೂರೂ ಪೈಪೋಟಿಗೆ ಬಿದ್ದು ಟ್ರಯಲ್ಸ್ ಬೈಕು ಮಾಡತೊಡಗಿದವು. ಆಟ ಕ್ಯಾಟಲೋನಿಯಾದ ಮನೆಮಾತಾಯಿತು. ಜೋರ್ಡಿ ತಾರೆಸ್, ಮಾರ್ಕ್ ಕೊಲೋಮೆರ್, ಆಡಂ ರಾಗಾ, ಟೋನಿ ಬೌ ಎಲ್ಲರೂ ಆ ನೆಲದವರೇ. ಬೌ ಕೊಯ್ದ ಬೆಳೆಯ ಹೊಲವನ್ನು ಮೊದಲು ಉತ್ತವರಲ್ಲಿ ಮಿಲ್ಲರ್ ಮುಖ್ಯರು. ಆದ್ದರಿಂದ ಮೊದಲ ಸ್ಥಾನ ಅವರಿಗೇ ಸಲ್ಲಬೇಕು.

ಚೆನ್ನೈಯವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು: ಜಾನಿ ಬ್ರಿಟನ್ ಎಲ್ಲಿ? ಅಂಬತ್ತೂರಿನಿಂದ ಪೂರ್ವಕ್ಕೆ, ಕಡಲ ಕರೆಯ ತಿರುವೊತ್ತಿಯೂರಿನಲ್ಲಿ 1956ರಿಂದ ರಾಯಲ್ ಎನ್‌ಫೀಲ್ಡ್‌ನ ಬುಲೆಟ್ ತಯಾರಾಯಿತು. ಹಿಂಚಕ್ರಕ್ಕೆ ಸ್ವಿಂಗ್ ಆರ್ಮ್ ಸಸ್ಪೆನ್ಷನ್ ಹೊತ್ತ ಆ ಬುಲೆಟ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರಲ್ಲಿ, ಇಂಗ್ಲೆಂಡಿನ ಕೋಲ್ಮೋರ್ ಕಪ್ ಟ್ರಯಲ್‌ನಲ್ಲಿ. ಹಿಂಚಕ್ರ ಬಿಗಿಯಾಗಿದ್ದರೆ ಮಾತ್ರ ಟ್ರಯಲ್ಸ್ ಸಾಧ್ಯ ಎಂದು ನಂಬಿದ್ದ ಕಾಲ ಅದು. ಆ ನಂಬಿಕೆಯನ್ನು ಬುಡಮೇಲು ಮಾಡಿದವರಲ್ಲಿ ಬ್ರಿಟನ್ ಒಬ್ಬರು: ರಾಯಲ್ ಎನ್‌ಫೀಲ್ಡ್ ಮೇಲೆ 1952ರಲ್ಲೂ 1957ರಲ್ಲೂ ಸ್ಕಾಟಿಷ್ ಪಂದ್ಯ ಗೆದ್ದರು. ಭಾರತದ ರಸ್ತೆಗಳಲ್ಲಿ ದಶಕಗಟ್ಟಲೆ ಓಡಿದ ಗಾಡಿಯ ಹಿಂಬದಿಯ ಮೆತ್ತನೆ ಕುಣಿತ ಟ್ರಯಲ್ಸ್ ಕೆಸರಿನಲ್ಲಿ ಪರೀಕ್ಷೆ ಪಾಸಾಗಿ ಬಂದದ್ದು.

ಬ್ರಿಟನ್‌ಗೆ ಗೌರವವಾಗಿ ಕಂಪನಿ 2019ರ ಮಾರ್ಚಿನಲ್ಲಿ ಬುಲೆಟ್ ಟ್ರಯಲ್ಸ್ 350 ಮತ್ತು 500 ಬಿಡುಗಡೆ ಮಾಡಿತು. ಒಂದಕ್ಕೆ ಕೆಂಪು ಫ್ರೇಮು, ಇನ್ನೊಂದಕ್ಕೆ ಹಸಿರು. ಮೇಲಕ್ಕೆತ್ತಿದ ಸೈಲೆನ್ಸರ್, ಒಂಟಿ ಸೀಟು, ಹಿಂದೆ ಕ್ಯಾರಿಯರ್. ನೋಡಲು ಚೆಂದವಾಗಿತ್ತು. ಆದರೆ ತೂಕ 175 ಕೆ.ಜಿ.ಗಿಂತ ಹೆಚ್ಚು! ಇವತ್ತಿನ ನಿಜವಾದ ಟ್ರಯಲ್ಸ್ ಬೈಕು 70 ಕೆ.ಜಿ. ಆಸುಪಾಸು ಇರುತ್ತದೆ, ಅದಕ್ಕೆ ಸೀಟೇ ಇರುವುದಿಲ್ಲ. ಬ್ರಿಟನ್‌ರ ಗಾಡಿಯ ಹೊರರೂಪವನ್ನು ಕಂಪನಿ ಮನಸ್ಸಿಟ್ಟು ಉಳಿಸಿಕೊಂಡಿತು. ಗ್ರಾಂ ಗ್ರಾಂ ಲೆಕ್ಕ ಹಾಕುವ ಟ್ರಯಲ್ಸ್ ಬುದ್ಧಿ ಅದರಲ್ಲಿ ಕಾಣಲಿಲ್ಲ. ಇಷ್ಟು ದೊಡ್ಡ ಹೆಸರಿಟ್ಟುಕೊಂಡ ಗಾಡಿಯಿಂದ ಅಷ್ಟನ್ನು ಬಯಸಿದರೆ ತಪ್ಪಾಗದು. ಬ್ರಿಟನ್ ಸೊಗಸಾದ ಸವಾರ, ಚೆನ್ನೈಗೆ ಬಂಧುವಿನಂತೆ ಹತ್ತಿರದವರು. ಆದರೂ ಅವರ ಕಾಲದಲ್ಲೇ ಹ್ಯೂ ವೈನಿ ಸ್ಕಾಟಿಷ್ ಪಂದ್ಯವನ್ನು ನಾಲ್ಕು ಸಲ ಗೆದ್ದಿದ್ದರು. 1961ರಲ್ಲಿ ಗಾರ್ಡನ್ ಜಾಕ್ಸನ್ ಆರು ದಿನಕ್ಕೆ ಸೇರಿ ಕಳೆದುಕೊಂಡದ್ದು ಒಂದೇ ಒಂದು ಅಂಕ. ಅಭಿಮಾನ ಬದಿಗಿಟ್ಟರೆ ಬ್ರಿಟನ್‌ಗೆ ಮೊದಲ ಹತ್ತರಲ್ಲಿ ಸ್ಥಾನ ಸಿಗುವುದು ಕಷ್ಟ.

ಎರಡನೆಯ ಸ್ಥಾನ ಬೌ ಅವರದು. ಎದುರಾಳಿಗಳು ಕಡಿಮೆ, ಹೋಂಡಾದ ಹಣಬಲ ಬೆನ್ನಿಗಿದೆ ಎಂಬ ತಕರಾರುಗಳನ್ನು ತಳ್ಳಿಹಾಕಲು ಒಂದೇ ಸಂಗತಿ ಸಾಕು. 2013ರಲ್ಲಿ ಸೆಕ್ಷನ್ನಿನೊಳಗೆ ನಿಲ್ಲುವಂತಿಲ್ಲ ಎಂಬ ನಿಯಮ ಮರಳಿ ಬಂತು. ನಿಂತು ಜಿಗಿಯುವುದರಲ್ಲೇ ಪಳಗಿದವರಿಗೆ ಅದು ಕಾಲು ಕಟ್ಟಿಹಾಕಿದಂತೆ. ಬೌ 2012ರಲ್ಲಿ ಹಳೆಯ ನಿಯಮದಲ್ಲಿ ಗೆದ್ದರು, 2013ರಲ್ಲಿ ಹೊಸದರಲ್ಲೂ ಗೆದ್ದರು. ಎರಡು ಸ್ಟ್ರೋಕಿನ ಎದುರಾಳಿಗಳ ನಡುವೆ ನಾಲ್ಕು ಸ್ಟ್ರೋಕಿನ ಮೊಂಟೆಸಾ ಏರಿ ಗೆದ್ದರು. ಇಷ್ಟು ದೀರ್ಘವಾಗಿ ಒಂದು ಆಟವನ್ನು ಆಳಿದವರು ಯಾವ ಮೋಟಾರ್ ಕ್ರೀಡೆಯಲ್ಲೂ ಸುಲಭಕ್ಕೆ ಸಿಗರು.

ಮೂರನೆಯವರು ಜೋರ್ಡಿ ತಾರೆಸ್. ಇವರ ಕತೆ ಅಂಬತ್ತೂರಿಗೆ ಮುಟ್ಟಬೇಕಾದದ್ದು, ಏಕೆಂದರೆ ಅದು ಸೈಕಲ್ಲಿನಿಂದ ಶುರುವಾಗುತ್ತದೆ. ಮೊಂಟೆಸಾ ಕಂಪನಿಯ ಪೆರೆ ಪಿ ತಮ್ಮ ಮಗ ಓಟ್ ಪಿಗಾಗಿ ಟ್ರಯಲ್ಸ್ ಅಭ್ಯಾಸಕ್ಕೆ ಹೊಂದುವ ಸೈಕಲ್ಲು ರೂಪಿಸಿದರು. ಅದರಿಂದ ಸೈಕಲ್ ಟ್ರಯಲ್ಸ್ ಎಂಬ ಮಕ್ಕಳ ಆಟ ಬೆಳೆಯಿತು. ತಾರೆಸ್ ಅಲ್ಲಿ ಕಲಿತದ್ದನ್ನು ಮೋಟಾರ್‌ಸೈಕಲ್ಲಿಗೆ ತಂದರು. ಬ್ರೇಕು ಬಿಗಿಹಿಡಿದು ನಿಂತಲ್ಲೇ ಹಿಂಚಕ್ರ ಎತ್ತಿ ಪಕ್ಕಕ್ಕೆ ಇಡುವುದು, ಮುಂಚಕ್ರ ಎತ್ತಿ ತಿರುಗಿಸುವುದು, ಬಂಡೆಯಿಂದ ಬಂಡೆಗೆ ಹಾರುವುದು. 1987ರಿಂದ 1995ರ ನಡುವೆ ಏಳು ವಿಶ್ವ ಪಟ್ಟಗಳು, ನಾಲ್ಕು ಬೀಟಾ ಮೇಲೆ, ಮೂರು ಗ್ಯಾಸ್ ಗ್ಯಾಸ್ ಮೇಲೆ. ಅವರ ನಂತರ ಸೈಕಲ್ಲು ಕಲಿಯದೆ ಟ್ರಯಲ್ಸ್‌ಗೆ ಬರುವುದೇ ಹಿನ್ನಡೆ ಎಂಬಂತಾಯಿತು; ಬೌ ಕೂಡ ಮೊದಲು ಸೈಕಲ್ ಟ್ರಯಲ್ಸ್‌ನಲ್ಲೇ ಹೆಸರು ಮಾಡಿದವರು. ಸೈಕಲ್ಲಿನ ಊರಾದ ಅಂಬತ್ತೂರಿನಲ್ಲಿ, ಕಾರ್ಖಾನೆಯ ಹಿತ್ತಲಲ್ಲಿ ಒಂದಿಷ್ಟು ಕಲ್ಲು, ಮರದ ದಿಮ್ಮಿ ಹಾಕಿ ಮಕ್ಕಳನ್ನು ಬಿಟ್ಟಿದ್ದರೆ ಭಾರತದ ಟ್ರಯಲ್ಸ್ ಕತೆ ಬೇರೆಯಾಗಿರುತ್ತಿತ್ತೇನೋ.

ಡಗ್ಗಿ ಲ್ಯಾಂಪ್ಕಿನ್ ನಾಲ್ಕನೆಯವರು. ಮನೆತನವೇ ಟ್ರಯಲ್ಸ್‌ನದು: ಅಪ್ಪ ಮಾರ್ಟಿನ್ ಮೊದಲ ವಿಶ್ವ ಚಾಂಪಿಯನ್, ದೊಡ್ಡಪ್ಪಂದಿರಾದ ಆರ್ಥರ್ ಮತ್ತು ಅಲನ್ 1963 ಮತ್ತು 1966ರಲ್ಲಿ ಬಿಎಸ್‌ಎ ಮೋಟಾರ್‌ಸೈಕಲ್ ಮೇಲೆ ಸ್ಕಾಟಿಷ್ ಪಂದ್ಯ ಗೆದ್ದವರು. ಡಗ್ಗಿ 1997ರಿಂದ 2003ರವರೆಗೆ ಸತತ ಏಳು ಸಲ ವಿಶ್ವ ಪಟ್ಟ ಗೆದ್ದರು. 2016ರಲ್ಲಿ ಐಲ್ ಆಫ್ ಮ್ಯಾನ್‌ನ 60 ಕಿ.ಮೀ. ರೇಸ್ ಮಾರ್ಗವನ್ನು ಮುಂಚಕ್ರ ನೆಲಕ್ಕೆ ತಾಕಿಸದೆ ಪೂರ್ತಿ ಸುತ್ತಿದರು. ಬಲವಾದ ಸವಾರ, ಆಟದ ವ್ಯಾಕರಣವನ್ನು ತಾರೆಸ್ ತಿದ್ದಿದಷ್ಟು ಇವರು ತಿದ್ದಲಿಲ್ಲ. ನಾಲ್ಕು ಸ್ಟ್ರೋಕಿನ ಹೋಂಡಾ ಮೇಲೆ ಮೂರು ಪಟ್ಟ ಗೆದ್ದ ಬೆಲ್ಜಿಯಮ್ಮಿನ ಎಡಿ ಲೆಜೂನ್, 2004ರಲ್ಲಿ ಜಪಾನಿಗೆ ಪಟ್ಟ ತಂದ ತಕಾಹಿಸಾ ಫುಜಿನಾಮಿ ಇವರ ಹಿಂದೆ ಬರುತ್ತಾರೆ.

ಕರ್ನಾಟಕದವರು ಈ ಪಟ್ಟಿಯಲ್ಲಿಲ್ಲ, ಇರುವ ಅವಕಾಶವೂ ಅವರಿಗೆ ಸಿಗಲಿಲ್ಲ. ಅವರು ಹೆಸರು ಮಾಡಿದ್ದು ರ‍್ಯಾಲಿಗಳಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅರವಿಂದ್ ಸವಾರಿ ಮಾಡಿದ ತಂಡ ಹೊಸೂರಿನ ಟಿವಿಎಸ್ ಮತ್ತು ಫ್ರಾನ್ಸಿನ ಶೆರ್ಕೊ ಕೂಡಿ ಕಟ್ಟಿದ್ದು; ಶೆರ್ಕೊ ಶುರುವಾದದ್ದೇ ಟ್ರಯಲ್ಸ್ ಬೈಕುಗಳಿಂದ.

ಡಾಕಾರ್ ಹೆಸರು ಬಂದಲ್ಲಿ ಲಾಯಾ ಸಾನ್ಸ್ ಅವರನ್ನು ಬಿಡುವಂತಿಲ್ಲ. ಈ ಕ್ಯಾಟಲನ್ ಮಹಿಳೆ 2000 ಮತ್ತು 2013ರ ನಡುವೆ ಮಹಿಳಾ ಟ್ರಯಲ್ಸ್ ವಿಶ್ವ ಪಟ್ಟವನ್ನು 13 ಸಲ ಗೆದ್ದರು. ಸಂತೋಷ್ ಗುರಿ ಮುಟ್ಟಿದ 2015ರ ಡಾಕಾರ್‌ನಲ್ಲೇ ಗಂಡಸರೂ ಸೇರಿದ ಒಟ್ಟು ಪಟ್ಟಿಯಲ್ಲಿ ಒಂಬತ್ತನೆಯವರಾಗಿ ಬಂದರು. ಶ್ರೇಷ್ಠರ ಪಟ್ಟಿಗಳಲ್ಲಿ ಅವರ ಹೆಸರು ಹೆಚ್ಚಾಗಿ ಕೊನೆಯ ಸಾಲಿನಲ್ಲಿ, ಮಹಿಳಾ ವಿಭಾಗ ಎಂಬ ಬೇರೆ ಕೋಣೆಯಲ್ಲಿ ಇರುತ್ತದೆ. ಆಟ ಎಷ್ಟು ಬದಲಾಯಿತು ಎಂಬ ಮಾನದಂಡ ಮಿಲ್ಲರ್‌ಗೆ ಒಪ್ಪುವುದಾದರೆ ಸಾನ್ಸ್‌ಗೂ ಒಪ್ಪಬೇಕು. ಅವರು ಬರುವಾಗ ಮಹಿಳಾ ಟ್ರಯಲ್ಸ್‌ನ ವಿಶ್ವ ಪಂದ್ಯ ಆಗಷ್ಟೇ ಕಣ್ಣು ಬಿಡುತ್ತಿತ್ತು. ಅದನ್ನು ಜಗತ್ತು ಗಂಭೀರವಾಗಿ ನೋಡುವಂತೆ ಮಾಡಿದ್ದರಲ್ಲಿ ಅವರ ಪಾಲು ಎಲ್ಲರಿಗಿಂತ ದೊಡ್ಡದು. ಐದನೆಯ ಸ್ಥಾನ ಸಾನ್ಸ್ ಅವರದು, ಮೂರು ಸಲ ವಿಶ್ವ ಪಟ್ಟ ಗೆದ್ದ ಲೆಜೂನ್ ಮತ್ತು ವೆಸ್ಟೆರಿನೆನ್ ಇಬ್ಬರಿಗಿಂತಲೂ ಮೇಲೆ.